ನೀರಿನ ನಿಲುವು

ಮಗಳ ಎರಡನೇ ತರಗತಿಗೆ ಥರ್ಮಾಕೋಲ್ ತಾಜ್‌ಮಹಲ್ ಕಟ್ಟಿ ಸುಸ್ತಾದ ದಿನವೇ, ಇನ್ನು ನಿನ್ನ ಹೋಮ್‌ವರ್ಕ್ ಮುಟ್ಟುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ.

ಈಗ ಅವಳ ಕಾಲೇಜಿನಲ್ಲಿ ಅಣಕು ವಿಶ್ವಸಂಸ್ಥೆ ಸ್ಪರ್ಧೆ. ನದಿ ನೀರಿನ ಹಂಚಿಕೆಯ ಬಗ್ಗೆ ತನ್ನ ಪಾಲಿಗೆ ಬಂದ ದೇಶದ ನಿಲುವನ್ನು ನಾಳೆಯೊಳಗೆ ಬರೆದುಕೊಡಬೇಕು.

“ಅಮ್ಮಾ, ನಾಕೇ ನಾಕು ಪಾಯಿಂಟ್ ಹೇಳೇ.”

ನೀರು ಎಂದ ಕೂಡಲೇ ನನಗೆ ಮಹಡಿಮನೆಯ ವಾರಿಜಮ್ಮ ನೆನಪಾದರು. ಕೊಟ್ಟ ಮಾತು ಮರೆತೇಹೋಯಿತು.

“ಬರ್ಕೋ. ಮೇಲಿದ್ದ ಮಾತ್ರಕ್ಕೆ ವಾಲ್ವ್ ತಿರುಗಿಸೋ ಹಕ್ಕು ಯಾರು ಕೊಟ್ರು? ಅವರ ಕಾರಿಗೆ ಸ್ನಾನ ಆದ್ಮೇಲೆ ನಮಗೆ ಸ್ನಾನಾನಾ?”

“ಅಯ್ಯೋ ಅಮ್ಮಾ, ನಂದೇ ನದಿಯ ಮೇಲ್ಗಡೆ ದೇಶ!”

ಬರೆದದ್ದನ್ನೆಲ್ಲ ಅಳಿಸಿ, ಲ್ಯಾಪ್‌ಟಾಪ್ ಎತ್ತಿಕೊಂಡು ಮಹಡಿ ಹತ್ತಿದಳು.

ಮೊದಲ ಬಹುಮಾನ ಬಂತು. ಬರೆಸಿದ್ದು ವಾರಿಜಮ್ಮ, ನಾನು ಕೊಟ್ಟ ಮಾತು ಉಳಿಯಿತು.