ಹನ್ನೊಂದು ಸಾವಿರದ ಕನ್ನಡಕ

“ಹನ್ನೊಂದು ಸಾವಿರಾನಾ?” ಗಂಡ ಹೌಹಾರಿದ. “ನಾವು ಬಂದಿದ್ದು ಬರೀ ತಲೆನೋವು ಅಂತ. ಮೊದಲನೇ ಸಲ ಕನ್ನಡಕ ಹಾಕೋರಿಗೆ ಇಷ್ಟೊಂದಾ?”

“ಮೈನಸ್ ಐದು ಸರ್. ತೆಳು ಗ್ಲಾಸೇ ಬೇಕು, ಇಲ್ಲಾಂದ್ರೆ ಸೋಡಾ ಬಾಟ್ಲಿ ತಳದ ಥರ ಕಾಣುತ್ತೆ,” ಎಂದ ಅಂಗಡಿಯವನು. “ಆದ್ರೆ ಇದು ಮೊದಲನೇದಂತೂ ಅಲ್ಲ. ಸ್ಕೂಲಲ್ಲಿದ್ದಾಗಿಂದ ಏರ್ಕೊಂಡು ಬಂದಿರೋ ನಂಬರ್ ಇದು.”

ಮದುವೆಯಾಗಿ ಇನ್ನೂ ಒಂದು ತಿಂಗಳಷ್ಟೇ ಆಗಿತ್ತು. ಕನ್ನಡಿಯ ಮುಂದೆ ಕೂತಿದ್ದ ಹೆಂಡತಿ ತಲೆ ತಗ್ಗಿಸಿದಳು.

ಹೊರಗೆ ಬಂದ ಮೇಲೆ ತಾನೇ ಬಾಯಿ ಬಿಟ್ಟಳು. “ತಪ್ಪಾಯ್ತು ರೀ. ನೀವು ಹೆಣ್ಣು ನೋಡೋಕೆ ಬಂದ ದಿನ ಅಮ್ಮ ನನ್ನ ಕನ್ನಡಕ ಕಿತ್ಕೊಂಡು ಬೀರುವಿನಲ್ಲಿ ಇಟ್ಬಿಟ್ರು. ಆಮೇಲೆ ನಿಮಗೆ ಹೇಳೋಕೆ ಧೈರ್ಯಾನೇ ಬರ್ಲಿಲ್ಲ.”

“ಅಂದ್ರೆ ಅವತ್ತು ನನ್ನ ಮುಖ ಕಾಣಿಸ್ಲೇ ಇಲ್ವಾ?”

“ಯಾರ ಮುಖಾನೂ ಕಾಣಿಸ್ಲಿಲ್ಲ. ಅದಕ್ಕೇ ಅಲ್ವಾ ಕಾಫಿ ಚೆಲ್ಲಿದ್ದು? ಎಲ್ಲರೂ ಗದರಿದ್ರು. ನೀವೊಬ್ರು ಮಾತ್ರ ‘ಪಾಪ, ಬೈಬೇಡಿ, ಕೈ ಸುಟ್ಟಿತೇನೋ ನೋಡಿ’ ಅಂದ್ರಿ. ಆ ಒಂದು ಮಾತಿಗೇ ನಾನು ಒಪ್ಕೊಂಡಿದ್ದು.”

ಅವನು ಸ್ಕೂಟರಿಗೆ ಹಾಕಿದ್ದ ಕೀಯನ್ನು ಮತ್ತೆ ಹೊರಗೆಳೆದ.

“ಹಾಗಂದಿದ್ದು ನಮ್ಮಣ್ಣ.”