ಗುರುವಾರ ಬರುವವರು

ಹಲ್ಲಿ ಕಂಡು ಬೆಚ್ಚಿ ಬಿಸಿ ಸಾರಿನ ಪಾತ್ರೆಯನ್ನು ಬೀಳಿಸಿದ ಮೇಲೆ, ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುವ ಪಂಕಜಾಕ್ಷಿಯನ್ನು ವಾರ್ಡನ್ ಕಾಲೇಜಿನ ಮನಶ್ಶಾಸ್ತ್ರದ ಪ್ರಯೋಗಾಲಯಕ್ಕೆ ಕಳಿಸಿದರು. ಭಯ ಹೋದರಷ್ಟೇ ಕೆಲಸ ಉಳಿಯುತ್ತದೆ ಎಂದಿದ್ದರು.

ಪ್ರತಿ ಸೋಮವಾರ ಅಟೆಂಡರ್ ಗಾಜಿನ ಜಾಡಿಯಲ್ಲಿ ಹಲ್ಲಿಯನ್ನು ತಂದು ಮೇಜಿನ ಮೇಲಿಡುತ್ತಿದ್ದ. ಅವಳು ಕುರ್ಚಿಯನ್ನು ಆದಷ್ಟು ಹತ್ತಿರ ಎಳೆದುಕೊಂಡು ಕೂರಬೇಕು. ಕುರ್ಚಿ ನಿಂತಲ್ಲಿ ಅಟೆಂಡರ್ ಬಿಳಿ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಪ್ರೊಫೆಸರರು ಬಾಗಿಲ ಬಳಿ ನಿಂತು ಬರೆದುಕೊಳ್ಳುತ್ತಿದ್ದರು.

"ಇಲಿಗಳೆಲ್ಲ ಮುಗಿದ್ವು, ಈಗ ನಾನು. ಅಲ್ವಾ ಸಾರ್?"

"ಹಾಗೆಲ್ಲ ಇಲ್ಲಮ್ಮ. ಇದರಿಂದ ಭಯ ಹೋಗುತ್ತೆ."

"ಬಾಗಿಲ ಹತ್ರ ಇರೋ ಆ ಕೆಂಪು ಗೆರೆ ಯಾರದು?"

"ಇನ್ನೊಬ್ಬರದು. ಗುರುವಾರ ಬರ್ತಾರೆ. ನಿಮ್ಮಷ್ಟು ಬೇಗ ಮುಂದೆ ಬರ್ತಿಲ್ಲ."

ಅವಳು ನಂಬಲಿಲ್ಲ. ತನ್ನನ್ನು ಉಬ್ಬಿಸಲು ಈ ಮನುಷ್ಯ ಇಲ್ಲದವರನ್ನು ಹುಟ್ಟಿಸಿದ್ದಾನೆ ಅನಿಸಿತು. ಬಿಳಿ ಗೆರೆ ಮೇಜಿನ ಕಾಲು ಮುಟ್ಟಿದ ವಾರವೂ ಕೆಂಪು ಗೆರೆ ಬಾಗಿಲ ಬಳಿಯೇ ಇತ್ತು.

"ಅವರ ಹೆಸರೇನು ಸಾರ್?"

"ಹೆಸರು ಹೇಳೋ ಹಾಗಿಲ್ಲಮ್ಮ."

"ಅಂಥವರು ಇದ್ರೆ ತಾನೇ ಹೇಳೋದು."

ಸುಳ್ಳನ್ನು ಕಣ್ಣಾರೆ ಕಂಡುಬಿಡೋಣವೆಂದು ಗುರುವಾರ ಹೇಳದೆ ಕೇಳದೆ ಬಂದವಳು, ಅರೆ ತೆರೆದ ಬಾಗಿಲಲ್ಲಿ ಇಣುಕಿದಳು. ಹಲ್ಲಿಯ ಜಾಡಿ ಮೇಜಿನ ಮೇಲಿತ್ತು. ಅಟೆಂಡರ್ ಕೆಂಪು ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ.

"ಒಂದೇ ಒಂದು ಗೇಣು ಮುಂದೆ ಬನ್ನಿ ಸಾರ್," ಎಂದು ಅವನು, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಬೆವರುತ್ತಿದ್ದ ಪ್ರೊಫೆಸರರನ್ನು ಬೇಡಿಕೊಳ್ಳುತ್ತಿದ್ದ.