ಕುಲುಕದ ಗಾಡಿ

ತಿಮ್ಮಯ್ಯ ಗ್ಯಾರೇಜಿನೊಳಕ್ಕೆ ಕಾಲಿಡಲಿಲ್ಲ. ಹಳೆಯ ಪಿಕಪ್ಪನ್ನು ರಸ್ತೆಯಂಚಿಗೆ ನಿಲ್ಲಿಸಿ, ಇಳಿದು, ಹುಣಸೆಮರದ ಕೆಳಗೆ ನಿಂತುಕೊಂಡ.

ಮಹದೇವುಗೆ ಅದು ಸರಿಕಾಣಲಿಲ್ಲ. ಮದ್ದೂರಿನ ಮಳವಳ್ಳಿ ರಸ್ತೆಯಲ್ಲಿ ಅವನು ಗ್ಯಾರೇಜು ತೆರೆದಾಗಿನಿಂದ ಈ ಗಾಡಿಯ ರಿಪೇರಿ ಅವನದೇ. ಚಿಕ್ಕರಸಿನಕೆರೆಯಿಂದ ಬಂದರೆ ತಿಮ್ಮಯ್ಯ ನೇರವಾಗಿ ಒಳಗೆ ನುಗ್ಗಿ, ಗೋಡೆಯ ಮೇಲಿನ ದೇವರ ಪಟಕ್ಕೆ ಕೈಮುಗಿದು, ಬೆಂಚಿನ ಮೇಲೆ ಕೂತು, ಟೀ ತರಿಸು ಅನ್ನುವವನು. ಇವತ್ತು ಪಟದ ಕಡೆ ಕಣ್ಣೆತ್ತಲೂ ಇಲ್ಲ. ಕೋಪ ಇರಬೇಕು. ಸ್ಟೇರಿಂಗು ಎಡಕ್ಕೆ ಎಳೆಯುತ್ತದೆ ಅಂದಾಗ ಹೋದ ಸಲ ಬರೀ ಗ್ರೀಸು ಹೊಡೆದು ಕಳಿಸಿದ್ದು ಮಹದೇವುಗೆ ನೆನಪಾಯಿತು.

"ಟೀ ಹೇಳ್ಲಾ ಅಣ್ಣ?"

"ಬ್ಯಾಡ ಕಣ್ಲಾ. ಇವತ್ತು ಬಾಯಿಗೇನೂ ಹಾಕಾಕಿಲ್ಲ."

"ಒಪ್ಪತ್ತಾ?"

"ಅಂಗೇ ಅನ್ಕೋ." ತಿಮ್ಮಯ್ಯ ಗಾಡಿಯ ಹಿಂದಿನ ಚಕ್ರ ತೋರಿಸಿದ. "ಇದು ಕುಲುಕಬಾರ್ದು ಮಾದೇವು. ಏನು ಬಿಚ್ತೀಯೋ, ಏನು ಹಾಕ್ತೀಯೋ, ನಿಂಗೆ ಬುಟ್ಟಿದ್ದು. ಬಿಸಿಲು ಏರೋಕ್ಮುಂಚೆ ಮಂಡ್ಯ ಸೇರ್ಬೇಕು."

"ಏನು ಲೋಡು?"

"ಲೋಡಿಲ್ಲ. ನಿಮ್ಮಕ್ಕನ್ನ ಮನೆಗೆ ಕರ್ಕೊಂಡೋಗ್ಬೇಕು."

ತಿಮ್ಮಯ್ಯನ ಹೆಂಡತಿ ಚಲುವಮ್ಮ ಮಂಡ್ಯದ ಆಸ್ಪತ್ರೆ ಸೇರಿದ್ದು ಮಹದೇವುಗೆ ಗೊತ್ತಿತ್ತು. ಅವನ ಮುಖ ಅರಳಿತು. "ಕಳ್ಸುದ್ರಾ?"

"ಬೆಳಿಗ್ಗೆ ಫೋನು ಬಂತು. ಕರ್ಕೊಂಡೋಗಿ ಅಂದ್ರು."

"ಅಂಗಾದ್ರೆ ಮುಂದ್ಗಡೆ ಸೀಟಲ್ಲಿ ಕೂರಿಸ್ಕಳಿ. ಅಲ್ಲಿ ಅಷ್ಟು ಕುಲುಕಲ್ಲ."

"ಕೂರಾಕಾಗಕಿಲ್ಲ. ಮಲಗಿಸ್ಕಂಡೇ ಬರ್ಬೇಕು."

ಮಹದೇವು ಜಾಕ್ ಎಳೆದುಕೊಂಡು ಬಂದ. "ನಿಮ್ಮ ಗಾಡಿ ಕಂಡ್ರೇ ಆಗ್ತಿರಲಿಲ್ಲ ಅಕ್ಕಂಗೆ. ಒಪ್ಪುದ್ರಾ?"

"'ಆ ಸ್ಪ್ರಿಂಗು ಸರಿ ಮಾಡ್ಸೋಗಂಟ ಈ ಗಾಡಿಗೆ ನಾನು ಅತ್ತಾಕಿಲ್ಲ' ಅಂತಿದ್ಲು."

"ಅಂತೂ ಅಕ್ಕನೇ ಗೆದ್ರು."

"ಊಂ. ಗೆದ್ಲು."

ಅದು ಊರಿಗೇ ಗೊತ್ತಿದ್ದ ಜಗಳ. ಎಳನೀರಿನ ಭಾರ ತಡೆಯಲಿ ಅಂತ ತಿಮ್ಮಯ್ಯ ಹಿಂದಿನ ಸ್ಪ್ರಿಂಗಿಗೆ ಹೆಚ್ಚಿನ ಉಕ್ಕಿನ ಪಟ್ಟಿ ಹಾಕಿಸಿದ್ದ. ಭಾರ ಇದ್ದರೆ ಗಾಡಿ ಸುಮ್ಮನಿರುತ್ತಿತ್ತು. ಖಾಲಿಯಾದರೆ ಮೇಕೆಮರಿಯ ಹಾಗೆ ಎಗರುತ್ತಿತ್ತು. ನಾಲೆ ಏರಿಯ ಮೇಲೆ ಒಮ್ಮೆ ಹಾಗೆ ಎಗರಿದಾಗ ಚಲುವಮ್ಮನ ಸೊಂಟ ಹಿಡಿದುಕೊಂಡಿತು. ಅವತ್ತಿನಿಂದ ಅವಳು ಬಸ್ಸು ಕಾದಳು. ಗಂಡ ಎದುರಿಗೇ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದರೂ, ಸೆರಗು ತಲೆಗೆಳೆದುಕೊಂಡು ರಸ್ತೆಯ ಆ ಕಡೆ ನೋಡುತ್ತಿದ್ದಳು. ಬಸ್ಸಿನವರೂ ನಗುತ್ತಿದ್ದರು. ಈ ಎಳನೀರು ಕಾಲ ಕಳೀಲಿ, ಮಾಡಿಸ್ತೀನಿ ಅನ್ನುತ್ತಿದ್ದ ತಿಮ್ಮಯ್ಯ. ಮದ್ದೂರಿನಲ್ಲಿ ಎಳನೀರು ಕಾಲ ಯಾವತ್ತು ಕಳೆದಿದೆ?

ಮಹದೇವು ಹೆಚ್ಚಿನ ಪಟ್ಟಿಗಳನ್ನು ಬಿಚ್ಚಿ ಪಕ್ಕಕ್ಕೆ ಹಾಕಿದ. ಸ್ಪ್ರಿಂಗಿನ ತುದಿಯ ಸವೆದ ಬುಷ್‌ಗಳನ್ನು ಹೊಡೆದು ತೆಗೆದು ಹೊಸದು ಕೂರಿಸಿದ. ಕುಲುಕು ತಡೆಯುವ ಶಾಕಪ್ಸರು ಬದಲಾಯಿತು. ಮುಂದಿನ ಚಕ್ರ ಹಿಡಿದು ಅಲ್ಲಾಡಿಸಿದರೆ ಟಕಟಕ ಅನ್ನುತ್ತಿತ್ತು. ಚಕ್ರಕ್ಕೂ ಸ್ಟೇರಿಂಗಿಗೂ ನಡುವಿನ ರಾಡಿನ ಗುಂಡು ತಿಂದುಹೋಗಿತ್ತು. ಅದನ್ನೂ ಹಾಕಿದ. ಆಮೇಲೆ ದಾರ ಎಳೆದು ಹಿಡಿದು ಚಕ್ರಗಳ ನೇರ ನೋಡಿದ.

"ಇನ್ನು ಎಳನೀರು ಹೇರಂಗಿಲ್ಲ ಅಣ್ಣ. ಪಟ್ಟಿ ಕೂತ್ಕತದೆ."

"ಹೇರಾಕಿಲ್ಲ ಬುಡು."

"ಮತ್ತೆ ವ್ಯಾಪಾರ?"

ತಿಮ್ಮಯ್ಯನ ಫೋನು ರಿಂಗಾಯಿತು. ಮಂಡ್ಯದಿಂದ ಅಳಿಯ ಶಿವರಾಜು. "ಮಾವ, ಇಲ್ಲೇ ಆಸ್ಪತ್ರೆ ವ್ಯಾನು ಕೊಡ್ತಾರಂತೆ. ಎಲ್ಲಾರೂ ಕಾಯ್ತಾವ್ರೆ. ನೀವು ಬಸ್ಸತ್ತಿ ಬನ್ನಿ."

"ಬ್ಯಾಡ. ನಮ್ಮ ಗಾಡೀಲೇ ಬರ್ಬೇಕು ಅವಳು."

"ಆ ಗಾಡೀಲಾ?"

"ಸರಿ ಮಾಡಿಸ್ತಾ ಇವ್ನಿ ಅಂತೇಳು."

ತಿಮ್ಮಯ್ಯ ಫೋನು ಜೇಬಿಗಿಟ್ಟ.

ಗಾಡಿ ನೆಲಕ್ಕಿಳಿದ ಮೇಲೆ ಅವನು ಮನೆಯಿಂದ ತಂದಿದ್ದ ಹಿತ್ತಾಳೆ ಚೊಂಬಿಗೆ ನೀರು ತುಂಬಿಸಿ ಹಿಂಬದಿಯ ತಗಡಿನ ಮೇಲಿಟ್ಟ. ತಾನೇ ಓಡಿಸಿದ. ಬೀದಿಯ ಹಂಪು ದಾಟಿ ವಾಪಸು ಬಂದು ನೋಡಿದರೆ ತಗಡು ಒದ್ದೆ. "ತುಳುಕ್ತು" ಅಂದ. ಮಹದೇವು ಟೈರಿನ ಗಾಳಿ ಇಳಿಸಿದ. ಮತ್ತೆ ತುಳುಕಿತು. ಇನ್ನಷ್ಟು ಇಳಿಸಿ, ಅಚ್ಚಿನ ಮೇಲೆ ಬರುವ ಹಾಗೆ ಮರಳಿನ ಚೀಲ ಹಾಕಿದ. ಈ ಸಲ ತಿಮ್ಮಯ್ಯ ಚೊಂಬಿನೊಳಕ್ಕೆ ಬಗ್ಗಿ ಬಹಳ ಹೊತ್ತು ನೋಡಿದ. ನೀರು ಇಟ್ಟ ಹಾಗೇ ಇತ್ತು.

"ಒಬ್ಬ ಮನುಷ್ಯಂಗೆ ಇಷ್ಟು ನಾಜೂಕು ಮಾಡ್ಸೋರ್ನ ನಾ ಕಂಡಿರ್ಲಿಲ್ಲ ಕಣಣ್ಣ" ಅಂದ ಮಹದೇವು.

ಅವನು ಒಳಗಿನಿಂದ ಕುಂಕುಮ, ನಿಂಬೆಹಣ್ಣು ತಂದ. ಯಾವ ಗಾಡಿಯೂ ಅವನಲ್ಲಿಂದ ನಿಂಬೆಹಣ್ಣು ತುಳಿಯದೆ ಹೋದದ್ದಿಲ್ಲ. ಪ್ರತಿಸಲ ಚಕ್ರದ ಕೆಳಗೆ ಇಡುತ್ತಿದ್ದವನು ತಿಮ್ಮಯ್ಯನೇ. ಈಗ ಎರಡು ಹೆಜ್ಜೆ ಹಿಂದೆ ಸರಿದ.

"ಬ್ಯಾಡ. ಇವತ್ತು ಬ್ಯಾಡ."

ಮಹದೇವುಗೆ ನೋವಾಯಿತು. "ಕೋಪನಾ ಅಣ್ಣ? ನನ್ನ ಕೆಲಸದ ಮೇಲೆ ನಂಬಿಕೆ ಇಲ್ವಾ?"

"ಅಂಗಲ್ಲ ಕಣ್ಲಾ. ನೀನು ಚೆನ್ನಾಗೇ ಮಾಡ್ದೆ."

"ಅಕ್ಕನ್ನ ಕೇಳ್ದೆ ಅಂತೇಳಿ. ಗಾಡಿ ಎಂಗದೆ ಅಂತ ಅವ್ರ ಬಾಯಲ್ಲೇ ಕೇಳಿ."

ತಿಮ್ಮಯ್ಯ ತಲೆಯಾಡಿಸಿದ. ಬಾಗಿಲು ಹಾಕಿಕೊಂಡು ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟ. ಗಾಡಿ ಎಡಕ್ಕೆ ಎಳೆಯಲಿಲ್ಲ.

ಮಂಡ್ಯದಲ್ಲಿ ಆಸ್ಪತ್ರೆಯ ಮುಂಬಾಗಿಲು ದಾಟಿ ಹಿಂದುಗಡೆಗೆ ಬಂದು ನಿಲ್ಲಿಸಿದ. ಶಿವರಾಜು ಅಲ್ಲೇ ಕಾದಿದ್ದ. ತಿಮ್ಮಯ್ಯ ತಗಡಿನ ಮೇಲೆ ನೆಲ್ಲುಹುಲ್ಲು ಹರಡಿ, ಜಮಖಾನ ಹಾಸಿ, ಮಡಿಕೆಯನ್ನು ಅಂಗೈಯಿಂದ ಸವರಿ ಸಮ ಮಾಡಿದ.

"ಈಗ್ಯಾಕೆ ಮಾವ ಇವೆಲ್ಲ" ಅಂದ ಶಿವರಾಜು, ಮೆಲ್ಲಗೆ.

ತಿಮ್ಮಯ್ಯ ಮತ್ತೊಮ್ಮೆ ಸವರಿದ. ಮಹದೇವುಗೆ ಅವನು ಹೇಳಿದ್ದು ಚಲುವಮ್ಮನ ಅರ್ಧ ಮಾತು ಮಾತ್ರ.

ಪೂರ್ತಿ ಮಾತು ಹೀಗಿತ್ತು: "ಆ ಸ್ಪ್ರಿಂಗು ಸರಿ ಮಾಡ್ಸೋಗಂಟ ಈ ಗಾಡಿಗೆ ನಾನು ಅತ್ತಾಕಿಲ್ಲ, ನನ್ನ ಹೆಣನೂ ಅತ್ತಾಕಿಲ್ಲ."